ಮಮ್ಮಿ ಮಲಗಿದ್ದಾರೆ

ಊರಲ್ಲಿದ್ದಾಗ ನನ್ನ ಹಿಂದಿಯ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು. ಹೈಸ್ಕೂಲಿನಲ್ಲಿ ಮೂರನೇ ಭಾಷೆಯಾಗಿ ಓದಿ ಒಳ್ಳೆಯ ಅಂಕ ತೆಗೆದವಳು ನಾನು. ದೆಹಲಿಯ ದ್ವಾರಕಾಕ್ಕೆ ಬಂದ ಮೊದಲ ವಾರದಲ್ಲೇ ಹಾಲಿನ ಬೂತಿನ ಮುಂದೆ ಆ ಜಂಬ ಇಳಿಯಿತು. ನಾನು ಲಿಂಗ ತಪ್ಪಿ ನನ್ನನ್ನೇ ಗಂಡಸು ಮಾಡಿಕೊಂಡು ಏನೋ ಹೇಳಿದೆನಂತೆ. ಸಾಲಿನಲ್ಲಿದ್ದ ಇಬ್ಬರು ಹೆಂಗಸರು ಮುಖ ಮುಖ ನೋಡಿಕೊಂಡು ನಕ್ಕರು. ಬೇರೆ ಯಾರಾದರೂ ಆಗಿದ್ದರೆ ತಾವೂ ಜೊತೆಗೆ ನಕ್ಕು ಸುಮ್ಮನಾಗುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಕೋಪ. ಇನ್ನು ಈ ಊರಿನಲ್ಲಿ ಬಾಯಿ ಬಿಡುವುದಿಲ್ಲ ಎಂದುಕೊಂಡು, ಹಾಲಿನ ಪ್ಯಾಕೆಟ್ ಹಿಡಿದು ಮೂರನೇ ಮಹಡಿ ಹತ್ತಿದೆ.

ಬಾಯಿ ಬಿಡದೆ ಸಂಸಾರ ನಡೆಸುವುದು ಹೇಗೆ? ನಮ್ಮವರು ಬೆಳಿಗ್ಗೆ ಎಂಟಕ್ಕೆ ಗುರ್ಗಾಂವ್‌ನ ಆಫೀಸಿಗೆ ಹೊರಟರೆ, ವಾಪಸ್ ಬರುವಷ್ಟರಲ್ಲಿ ಮಕ್ಕಳ ಊಟ ಮುಗಿದಿರುತ್ತಿತ್ತು. ಮಗನಿಗೆ ಆಗ ಇನ್ನೂ ವರ್ಷ ತುಂಬಿರಲಿಲ್ಲ. ಮಗಳಿಗೆ ನಾಲ್ಕು ವರ್ಷ. ಪಾರ್ಕಿನ ಜಾರುಬಂಡೆಯ ಮೇಲೆ ಎರಡು ತಿಂಗಳು ಜಾರುವಷ್ಟರಲ್ಲಿ ಅವಳು ಹಿಂದಿಯನ್ನು ನೀರು ಕುಡಿದಷ್ಟು ಸಲೀಸಾಗಿ ಕಲಿತುಬಿಟ್ಟಳು. ಹೊರಗಿನ ವ್ಯವಹಾರವೆಲ್ಲ ಅವಳ ಪಾಲಿಗೆ ಬಂತು. ತರಕಾರಿ ಗಾಡಿ ಬಂದಾಗ ನಾನು ಹಿಂದೆ ನಿಂತು ಕನ್ನಡದಲ್ಲಿ ಹೇಳುವುದು, ಅವಳು ಬಾಲ್ಕನಿಯ ಕಂಬಿಗಳ ಸಂದಿಯಲ್ಲಿ ಮುಖ ತೂರಿಸಿ, "ಭಯ್ಯಾ, ಏಕ್ ಕಿಲೋ ಮಟರ್, ತಾಜಾ ದೇನಾ" ಎಂದು ಕೂಗುವುದು. ನಾನು ಬಟಾಣಿ ಮಾತ್ರ ಹೇಳಿರುತ್ತಿದ್ದೆ. ತಾಜಾ ಕೊಡು ಎನ್ನುವುದು ಅವಳ ಸ್ವಂತ ಸೇರ್ಪಡೆ.

ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಪ್ರತಿ ಮನೆಯ ಗೋಡೆಗೂ ಒಂದು ಇಂಟರ್‌ಕಾಮ್ ಇತ್ತು. ಗೇಟಿನಿಂದಲೋ ಬೇರೆ ಮನೆಗಳಿಂದಲೋ ಕರೆ ಬಂದರೆ ಅದು ಕಿರುಚುತ್ತಿತ್ತು, ನಾನು ಅದರಿಂದ ದೂರ ಸರಿಯುತ್ತಿದ್ದೆ. ಮೊದಲ ಚಳಿಗಾಲದ ಆರಂಭದಲ್ಲಿ ಒಂದು ದಿನ ಮಗಳು ಸ್ಟೂಲು ಹತ್ತಿ ಅದನ್ನು ಎತ್ತಿದಳು. "ಕೆಳಗಿನ ಮನೆ ಆಂಟಿ, ಅಮ್ಮಾ. ನಿನ್ನನ್ನೇ ಬುಲಾ ರಹೀ ಹೈ" ಎಂದು ರಿಸೀವರ್ ಚಾಚಿದಳು. ನಾನು ಎರಡೂ ಕೈ ಆಡಿಸಿ, "ಅಮ್ಮ ಮಲಗಿದಾಳೆ ಅನ್ನು ಪುಟ್ಟಿ" ಎಂದು ಪಿಸುಗುಟ್ಟಿದೆ. ಅವಳು ಹಾಗೇ ಹೇಳಿದಳು. ಫೋನ್ ಇಟ್ಟ ಮೇಲೆ ಜಾಣೆ ಎಂದು ಮುದ್ದಿಸಿ ಬಿಸ್ಕತ್ತು ಕೊಟ್ಟೆ. ಆಮೇಲೆ ಆ ಸಂಗತಿಯನ್ನೇ ಮರೆತುಬಿಟ್ಟೆ.

ಆ ದಿನಗಳ ಸುಖವನ್ನೂ ಹೇಳಬೇಕು. ಡಿಸೆಂಬರಿನಲ್ಲಿ ಬೆಳಗಿನ ಮಂಜು ಹನ್ನೊಂದಾದರೂ ಕರಗುತ್ತಿರಲಿಲ್ಲ. ಮಗನಿಗೆ ಎರಡು ದಿನಕ್ಕೊಮ್ಮೆ ಸ್ನಾನ. ಬಚ್ಚಲಿನಿಂದ ಟವೆಲಿನಲ್ಲಿ ಸುತ್ತಿ ಹೀಟರಿನ ಮುಂದೆ ಕೂರಿಸಿದರೆ ಮೂಗು ಮಾತ್ರ ಹೊರಗಿಟ್ಟುಕೊಂಡು ನಗುತ್ತಿದ್ದ. ಮಗಳು ಒಂದು ಗಂಟೆಗೆ ಸ್ಕೂಲಿನಿಂದ ಬಂದು, ಎರಡು ಸ್ವೆಟರ್ ಬಿಚ್ಚುವ ಮೊದಲೇ ತಮ್ಮನ ತಟ್ಟೆಯ ಸಾರನ್ನಕ್ಕೆ ಕೈ ಹಾಕುತ್ತಿದ್ದಳು. ಮೂರು ಗಂಟೆಗೆ ಅವನು ನಿದ್ದೆ ಮಾಡಿದರೆ ಬಾಲ್ಕನಿಗೆ ಬಿಸಿಲು ಬರುವ ಹೊತ್ತು. ಚಾಪೆ ಹಾಸಿಕೊಂಡು ನಾನೂ ಅವಳೂ ಬಟಾಣಿ ಬಿಡಿಸುತ್ತಿದ್ದೆವು. ಹತ್ತು ಕಾಳು ಪಾತ್ರೆಗೆ, ಐದು ಕಾಳು ಅವಳ ಬಾಯಿಗೆ. "ಅಮ್ಮಾ, ಆಜ್ ಮ್ಯಾಮ್ ನನಗೆ ಸ್ಟಾರ್ ಕೊಟ್ರು, ಪತಾ ಹೈ?" ಎಂದು ಶುರುಮಾಡಿದರೆ ಮೂರು ಭಾಷೆಗಳೂ ಒಂದರ ಮೇಲೊಂದು ಬೀಳುತ್ತಿದ್ದವು. ಹೇಳುತ್ತ ಹೇಳುತ್ತ ನನ್ನ ತೊಡೆಯ ಮೇಲೆ ತಲೆ ಇಡುತ್ತಿದ್ದಳು. ಇಡೀ ದಿನದಲ್ಲಿ ನನ್ನೊಡನೆ ಮಾತಾಡುತ್ತಿದ್ದ ಜೀವ ಅದೊಂದೇ.

ಕೆಳಗೆ ಪಾರ್ಕಿನಲ್ಲಿ ಅದೇ ಬಿಸಿಲಿಗೆ ಸೊಸೈಟಿಯ ಹೆಂಗಸರು ಕೂರುತ್ತಿದ್ದರು. ಸ್ವೆಟರ್ ಹೆಣೆಯುವವರು, ಮೂಲಂಗಿ ಹೆರೆಯುವವರು, ಕಡಲೆಕಾಯಿ ಸಿಪ್ಪೆ ಎಸೆಯುತ್ತ ನಗುವವರು. ಕೆಳಗಿನ ಮನೆಯಾಕೆಯೂ ಒಂದು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡಿರುತ್ತಿದ್ದಳು. ಮೂರನೇ ಮಹಡಿಯಲ್ಲಿ ಚಾಪೆಯ ಮೇಲೆ ಕೂತ ನಾನು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ನನ್ನನ್ನು ಯಾರೂ ಕರೆಯುತ್ತಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಹಾಲಿನ ಬೂತಿನಲ್ಲಿ ಮಾಡಿದ ಶಪಥವೇ ಈಗ ನನಗೆ ಬೇಡವಾಗಿತ್ತು. ಯಾರಾದರೂ ಒಬ್ಬರು ಒಮ್ಮೆ ಬಾ ಎಂದರೆ ಸಾಕು, ತಪ್ಪೋ ಒಪ್ಪೋ ಮಾತಾಡಿಬಿಡುತ್ತೇನೆ ಅನ್ನಿಸುತ್ತಿತ್ತು. ಕರೆಯದಿದ್ದರೆ ಬೇಡ, ಇವರಿಗೆ ಕೊಬ್ಬು ಎಂದು ನಮ್ಮವರ ಹತ್ತಿರ ದೂರುತ್ತಿದ್ದೆ. "ನೀನೇ ಹೋಗಿ ಕೂತ್ಕೋಬಾರದಾ?" ಎನ್ನುತ್ತಿದ್ದರು. ಕರೆಯದ ಕಡೆ ಹೋಗುವುದು ನನ್ನ ಜಾಯಮಾನವಲ್ಲ. ಸಂಜೆ ಗೋಡೆಗೆ ಮುಖ ಮಾಡಿಕೊಂಡು ಪಾತ್ರೆ ತೊಳೆಯುವಾಗ ಎಷ್ಟೋ ಸಲ ಅತ್ತಿದ್ದೇನೆ.

ಇಂಟರ್‌ಕಾಮ್ ಆಗಾಗ ಕಿರುಚುತ್ತಲೇ ಇತ್ತು, ಹೆಚ್ಚಾಗಿ ನಾನು ಒಳಗಿನ ಕೋಣೆಯಲ್ಲಿ ಮಗನನ್ನು ತಟ್ಟಿ ಮಲಗಿಸುವ ಹೊತ್ತಿಗೆ. ಅವನು ಎದ್ದುಬಿಟ್ಟಾನೆಂದು ಮಗಳು ಓಡಿ ಎತ್ತುತ್ತಿದ್ದಳು. ಯಾರೇ ಅದು ಎಂದು ಕೇಳಿದರೆ "ಕೋಯೀ ನಹೀಂ ಅಮ್ಮಾ, ಸುಮ್ನೆ" ಎಂದು ಬಂದು ಪಕ್ಕದಲ್ಲಿ ಮಲಗುತ್ತಿದ್ದಳು. ಯಾರೂ ಅಲ್ಲ ಎಂದರೆ ಗೇಟಿನವನಿರಬೇಕು ಎಂದು ನಾನೂ ಬಿಟ್ಟುಬಿಡುತ್ತಿದ್ದೆ.

ಎರಡನೇ ಚಳಿಗಾಲ ಕಳೆದು ಮಾರ್ಚ್ ಬಂತು. ಒಂದು ಮಧ್ಯಾಹ್ನ ಮಗನನ್ನು ಎತ್ತಿಕೊಂಡು, ಸ್ಕೂಲ್ ಬಸ್ಸಿಳಿದ ಮಗಳ ಕೈ ಹಿಡಿದು ಬರುತ್ತಿದ್ದೆ. ನಮ್ಮ ಬ್ಲಾಕಿನ ಮುಂದೆ ಲಾರಿ ನಿಂತಿತ್ತು. ಕೆಳಗಿನ ಮನೆಯ ಸಾಮಾನೆಲ್ಲ ಹೊರಗೆ. ಆಕೆಯ ಗಂಡನಿಗೆ ವರ್ಗವಾಗಿತ್ತು. ನನ್ನನ್ನು ಕಂಡವಳೇ ಹತ್ತಿರ ಬಂದು, "ಭಾಭೀಜೀ, ಅಬ್ ತಬಿಯತ್ ಕೈಸೀ ಹೈ?" ಎಂದಳು.

ಯಾರ ಆರೋಗ್ಯ? ನಾನು ಕಣ್ಣು ಕಣ್ಣು ಬಿಟ್ಟೆ. ಹಿಂದಿ ಸರಿಯಾಗಿ ಆಡಲು ಬಾರದಿದ್ದರೂ ಕೇಳಿದರೆ ನನಗೆ ಪೂರ್ತಿ ತಿಳಿಯುತ್ತಿತ್ತು. ಆಕೆ ಹೇಳಿದಳು: ಎರಡು ಚಳಿಗಾಲ ನಿಮಗೆ ಫೋನ್ ಮಾಡಿದೆ, ಬಿಸಿಲಿಗೆ ಬನ್ನಿ, ಜೊತೆಗೆ ಚಹಾ ಕುಡಿಯೋಣ ಎಂದು. ಯಾವಾಗ ಕೇಳಿದರೂ ನಿಮ್ಮ ಮಗಳು, ಮಮ್ಮಿ ಮಲಗಿದ್ದಾರೆ ಅನ್ನುತ್ತಿದ್ದಳು. ಹಗಲೆಲ್ಲ ಮಲಗುತ್ತಾರೆ ಅಂದರೆ ಏನೋ ದೊಡ್ಡ ಕಾಯಿಲೆ ಇರಬೇಕು, ತೊಂದರೆ ಕೊಡಬೇಡಿ ಎಂದು ಪಾರ್ಕಿನವರಿಗೂ ನಾನೇ ಹೇಳಿದ್ದೆ. ಅವರೆಲ್ಲ ಹಳಬರು, ಅವರವರಲ್ಲೇ ಮಾತು. ಹೊಸಬರೆಂದರೆ ನೀವು ಮತ್ತು ನಾನು. "ಮೈಂ ಭೀ ಅಕೇಲೀ ಥೀ" ಎಂದು ನಕ್ಕಳು. ನಾನೂ ಒಬ್ಬಳೇ ಇದ್ದೆ ಎನ್ನುವಾಗ ಆಕೆಯ ಕಣ್ಣು ಮಾತ್ರ ನಗಲಿಲ್ಲ. ನಾನು ಮೂರನೇ ಮಹಡಿಯಲ್ಲಿ ಕೂತು ಎರಡು ಚಳಿಗಾಲ ಕಾದ ಹೆಂಗಸು ಈಕೆಯೇ ಎಂದು ತಿಳಿಯುವ ಹೊತ್ತಿಗೆ ಆಕೆಯ ಮಂಚ ಲಾರಿ ಹತ್ತಿತ್ತು.

ಆಕೆ ಬಗ್ಗಿ ಮಗಳ ಗಲ್ಲ ಹಿಡಿದು ತಮಾಷೆಗೆ ಕೇಳಿದಳು, "ಕ್ಯೂಂ ಬೇಟಾ, ಮಮ್ಮೀ ತೋ ಬಿಲ್ಕುಲ್ ಠೀಕ್ ಹೈ. ಝೂಠ್ ಬೋಲ್ತೀ ಥೀ?"

ಮಮ್ಮಿ ಚೆನ್ನಾಗಿಯೇ ಇದ್ದಾರಲ್ಲ, ಸುಳ್ಳು ಹೇಳುತ್ತಿದ್ದೆಯಾ ಎಂಬ ಮಾತಿಗೆ ಮಗಳು ತಲೆಯೆತ್ತಿ ನನ್ನನ್ನು ನೋಡಿದಳು. ಸ್ಟೂಲು, ಪಿಸುಮಾತು, ಬಿಸ್ಕತ್ತು ಎಲ್ಲ ನನಗೆ ಆಗ ನೆನಪಾಯಿತು. ನಾನೇ ಹೇಳಿಕೊಟ್ಟಿದ್ದು ಎನ್ನುವಷ್ಟು ಹಿಂದಿ ನನಗೆ ಬರುತ್ತಿತ್ತು. ಆದರೆ ಅಷ್ಟು ಒಳ್ಳೆಯ ಹೆಂಗಸಿನ ಎದುರು, ಕಡೆಯ ದಿನ, ನಾನು ಸಣ್ಣವಳಾಗಲು ಮನಸ್ಸು ಒಪ್ಪಲಿಲ್ಲ. ಮಗಳ ತಲೆಗೆ ಮೆಲ್ಲಗೆ ಮೊಟಕಿ, "ಬಹುತ್ ಶೈತಾನ್ ಹೈ", ಬಲು ತುಂಟಿ, ಎಂದು ನಕ್ಕುಬಿಟ್ಟೆ. ನನ್ನ ಎರಡು ಚಳಿಗಾಲದ ಒಂಟಿತನವನ್ನು ಐದು ದಾಟಿದ ಮಗುವಿನ ತಲೆಗೆ ಕಟ್ಟಿದೆ.

ಮಮ್ಮಿಯೇ ಹೇಳಿಕೊಟ್ಟಿದ್ದು ಎನ್ನಲು ಅವಳಿಗೆ ಒಂದು ಗಳಿಗೆಯೂ ಬೇಕಿರಲಿಲ್ಲ. ನನ್ನ ಮಾತಿಗೆ ಯಾವಾಗಲೂ ತನ್ನದೊಂದು ಸೇರಿಸದೆ ಬಿಡದ ಹುಡುಗಿ ಅವಳು. ಅಂದು ನನ್ನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು, ತಲೆ ತಗ್ಗಿಸಿ, "ಸಾರಿ, ಆಂಟಿ" ಎಂದಳು.