ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಶಿರಾ ಗೇಟ್ ಹತ್ತಿರ ಪೈಪು, ಮೋಟಾರು ಮಾರುವ ಅಂಗಡಿಯೊಂದರ ಮೇಲೆ ನಮ್ಮ ರೂಮು. ಕೆಳಗೆ ದಿನವಿಡೀ ಲಾರಿ ಹಾರನ್ನು. ಮೇಲೆ ನಾವಿಬ್ಬರು, ಎರಡು ಕಂಪ್ಯೂಟರ್, ಆಗಾಗ ಕಿರುಚುವ ಒಂದು ಯುಪಿಎಸ್. ನಾವು ವಿಡಿಯೋ ಗೇಮ್ ಮಾಡುತ್ತೇವೆ ಅನ್ನುವುದನ್ನು ಅಂಗಡಿ ಮಾಲೀಕರು ಈಗಲೂ ನಂಬಿಲ್ಲ. ಏನೋ ಆನ್‌ಲೈನ್ ಇಸ್ಪೀಟಿನ ವ್ಯವಹಾರ ಇರಬೇಕೆಂದುಕೊಂಡು, ಪೊಲೀಸರು ಬಂದರೆ ತಮಗೇನೂ ಗೊತ್ತಿಲ್ಲ ಎಂದುಬಿಡುವುದಾಗಿ ಮೊದಲೇ ಹೇಳಿಟ್ಟಿದ್ದಾರೆ.

ಇಬ್ಬರು ಅಂದರೆ ನಾನು ಮತ್ತು ಕಾಲೇಜಿನಲ್ಲಿ ನನ್ನ ಜೊತೆ ಓದಿದ ಗೆಳೆಯ. ಚಿತ್ರವೆಲ್ಲ ಅವನದು. ಕೋಡಿಂಗ್, ಕತೆ ಮತ್ತು ಜಗಳ ನನ್ನ ಪಾಲು. ನಮ್ಮ ಆಟದಲ್ಲಿ ಗನ್ನಿಲ್ಲ, ರಾಕ್ಷಸರಿಲ್ಲ. ಒಂದು ಹಳ್ಳಿ ಇದೆ, ತೆಂಗಿನ ತೋಟಗಳ ನಡುವೆ. ಆಡುವವರ ಪಾತ್ರ, ಅಲ್ಲಿಗೆ ತಿಂಗಳಿಗೊಮ್ಮೆ ಕರೆಂಟ್ ಮೀಟರ್ ನೋಡಲು ಬರುವ ಹುಡುಗಿಯದು. ಹಳೇ ಮನೆಗಳಲ್ಲಿ ಮೀಟರು ನಡುಮನೆಯ ಬಾಗಿಲ ಮೇಲೆ ಇರುತ್ತದಲ್ಲ, ಹಾಗಾಗಿ ಅವಳು ಪ್ರತಿ ಮನೆಯೊಳಗೂ ಹೋಗಲೇಬೇಕು. ಹೋದಾಗ ಕಿವಿಗೆ ಬೀಳುವ ಮಾತು, ಕಣ್ಣಿಗೆ ಬೀಳುವ ಸಾಮಾನು ಸೇರಿ ತಿಂಗಳಿಂದ ತಿಂಗಳಿಗೆ ಊರಿನ ಕತೆ ಬೆಳೆಯುತ್ತದೆ. ಕೇಳಲು ಚೆನ್ನಾಗಿದೆ. ನಮಗೂ ಕೇಳುವಾಗಲೇ ಚೆನ್ನಾಗಿತ್ತು.

ಮಾಡಿದ್ದಷ್ಟನ್ನು ಆಡಿ ನೋಡಲೆಂದು ಹತ್ತಿರದ ಕಾಲೇಜಿನ ಒಂದಷ್ಟು ವಿದ್ಯಾರ್ಥಿಗಳನ್ನು ಟೀ, ಬಜ್ಜಿ ಆಸೆ ತೋರಿಸಿ ಕರೆತಂದೆವು. ಅವರು ನಮ್ಮ ಹಳ್ಳಿಗೆ ನುಗ್ಗಿದರು. ಕಾಂಪೌಂಡ್ ಹಾರಿದರು, ಹೆಂಚಿನ ಮೇಲೆ ಹತ್ತಿದರು, ದೇವರ ಮನೆಯಲ್ಲಿ ಕುಪ್ಪಳಿಸಿದರು. ಒಬ್ಬ ಅಡುಗೆಮನೆಯ ಮೂಲೆಗೆ ಮುಖ ತಿರುಗಿಸಿ ನಿಂತು, ಗೋಡೆಯೊಳಗೆ ಕೈ ತೂರುತ್ತದಾ ಎಂದು ನೋಡಿದ. ಗ್ರಾಫಿಕ್ಸ್ ಸೂಪರ್ ಅಕ್ಕಾ ಎಂದು ಹೊಗಳಿ ಬಜ್ಜಿಗೆ ಎದ್ದವರು ತಿರುಗಿ ಬಂದು ಕೂರಲಿಲ್ಲ. ಮಾರನೇ ದಿನ ಸಿಕ್ಕವಳೊಬ್ಬಳನ್ನು ಊರಲ್ಲಿ ಏನು ನೆನಪಿದೆ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ಕೋಳಿ ಎಂದಳು.

ನನ್ನ ಗೆಳೆಯನ ಮುಖ ಇಳಿದುಹೋಯಿತು. ಒಂದು ಮನೆಯಲ್ಲಿ ದೆವ್ವ ಇಡೋಣ, ಪಾಯಿಂಟ್ ಕೊಡೋಣ, ಮೀಟರ್ ನೋಡಲು ಟೈಮರ್ ಹಾಕೋಣ ಎಂದು ಒಂದೊಂದಾಗಿ ಶುರು ಮಾಡಿದ. ನಾನು ಎಲ್ಲದಕ್ಕೂ ಬೇಡ ಅಂದೆ. ಕೊನೆಗೆ ಅವನು ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಹೇಳಿದ. ಒಂದು ಖಾಸಗಿ ಕಾಲೇಜಿನಲ್ಲಿ ಅನಿಮೇಷನ್ ಪಾಠ ಹೇಳುವ ಕೆಲಸ ಸಿಕ್ಕಿದೆ, ಹದಿನೈದು ದಿನ ಕಳೆದು ಬರುವ ಸೋಮವಾರ ಸೇರಬೇಕು.

"ನಂಗೂ ಬೇಜಾರೇ ಕಣೇ," ಅಂದ. "ಆದ್ರೆ ಅಲ್ಲಿರೋ ಗೋಡೆ ಎಲ್ಲಾ ಬರ್ದವ್ನು ನಾನು. ಅದ್ರ ಹಿಂದೆ ಏನೂ ಇಲ್ಲ ಅಂತ ನಂಗ್ ಗೊತ್ತು. ನಂಗೇ ನಂಬಿಕೆ ಬರ್ತಿಲ್ಲ, ಇನ್ ಬೇರೆಯವ್ರಿಗೆ ಎಲ್ಲಿಂದ ಬರತ್ತೆ?"

ಅವನು ಹೋದರೆ ಆಟ ಮುಗಿಯಿತು. ನಾನು ಚಿತ್ರ ಬರೆದರೆ ಹಸುವಿಗೂ ಮಂಚಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಬೇರೆಯವರನ್ನು ಹುಡುಕಬಹುದಿತ್ತೇನೋ, ಆದರೆ ಆ ಹಳ್ಳಿ ಅವನ ಕೈಯಲ್ಲಿ ಹುಟ್ಟಿದ್ದು, ಬೇರೆಯವರ ಕೈಯಲ್ಲಿ ಅದು ಬೇರೆ ಊರಾಗುತ್ತಿತ್ತು. ಹೋಗಬೇಡ ಎಂದು ಗೋಗರೆಯಲು ನನಗೆ ಬರುವುದಿಲ್ಲ. ಬಂದದ್ದು ಸಿಟ್ಟು. ಸೋಮವಾರದೊಳಗೆ ಆ ಗೋಡೆಯ ಹಿಂದೆ ಯಾರೋ ಇದ್ದಾರೆ ಎಂದು ಇವನಿಗೇ ಅನ್ನಿಸಬೇಕು, ಬೇರೆ ಯಾರಿಗೆ ಅನ್ನಿಸದಿದ್ದರೂ ಸರಿ ಎಂದು ಹಟ ಹಿಡಿದೆ.

ಈ ಗೋಡೆಯ ಜಗಳ ನನಗೆ ಹೊಸದಲ್ಲ. ನಾನು ಬೆಳೆದದ್ದು ಕುಣಿಗಲ್‌ನಲ್ಲಿ. ಬಸ್ ಸ್ಟ್ಯಾಂಡ್ ಹಿಂದೆ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ಹುಡುಗರೇ ತುಂಬಿರುತ್ತಿದ್ದ ಆ ಅಂಗಡಿಗೆ ಹೋಗುತ್ತಿದ್ದ ಹುಡುಗಿ ಎಂದು ನನಗೆ ಊರಲ್ಲಿ ಸ್ವಲ್ಪ ಹೆಸರೂ ಬಂದಿತ್ತು, ಒಳ್ಳೆಯದಲ್ಲ. ಅಲ್ಲಿನ ಒಂದು ಆಟದಲ್ಲಿ ಬೀದಿ ತುಂಬ ಹೊಡೆದಾಟ. ಆ ಬೀದಿಯ ಕೊನೆಗೆ ದೀಪ ಹತ್ತಿದ ಕಿಟಕಿಯ ಒಂದು ಮನೆ. ಎಲ್ಲರೂ ಹೊಡೆದಾಡುತ್ತಿದ್ದರೆ ನಾನು ಹೋಗಿ ಆ ಬಾಗಿಲಿಗೆ ಡಿಕ್ಕಿ ಹೊಡೆಯುತ್ತಿದ್ದೆ. ತೆರೆಯುತ್ತಿರಲಿಲ್ಲ. ಒಳಗೆ ಯಾರೋ ಊಟ ಮಾಡುತ್ತಿದ್ದಾರೆ, ಹೊರಗೆ ಗಲಾಟೆ ಅಂತ ಚಿಲಕ ಹಾಕಿಕೊಂಡಿದ್ದಾರೆ ಎಂದು ನನ್ನಷ್ಟಕ್ಕೆ ತೀರ್ಮಾನಿಸಿಕೊಂಡಿದ್ದೆ. ಆಟದಲ್ಲಿ ಯಾರು ಯಾರನ್ನು ಹೊಡೆದರೋ ಈಗ ಒಂದೂ ನೆನಪಿಲ್ಲ. ಆ ಕಿಟಕಿಯ ಹಳದಿ ಬಣ್ಣ ನೆನಪಿದೆ. ಮುಂದೆ ಈ ಕೆಲಸ ಕಲಿಯುವಾಗ, ಅಂಥ ಮನೆಗಳ ಒಳಗೆ ಏನೂ ಇರುವುದಿಲ್ಲ, ಬಣ್ಣ ಬಳಿದ ಬರೀ ಒಂದು ಹಲಗೆ ಎಂದು ತಿಳಿಯಿತು. ಆವತ್ತು ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಆ ವಾರದ ಕೊನೆಗೆ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಗುಬ್ಬಿ ಬಸ್ ಹತ್ತಿದೆ. ಗುಬ್ಬಿಯಿಂದ ಇನ್ನೊಂದು ಬಸ್ಸಿನಲ್ಲಿ ಸಿ.ಎಸ್. ಪುರ, ಅಲ್ಲಿ ನನ್ನ ಚಿಕ್ಕಮ್ಮನ ಮನೆ. ನಮ್ಮ ಆಟದ ಮನೆಗಳಿಗೆಲ್ಲ ಆ ಮನೆಯೇ ಮಾದರಿ, ಅಲ್ಲಿಯವರಿಗೇ ಆಡಿಸಿ ನೋಡೋಣ ಎಂದುಕೊಂಡೆ. ಅಟ್ಟದ ಮೇಲೆ ಕೊಬ್ಬರಿಗೆಂದು ಹಾಕಿದ ತೆಂಗಿನಕಾಯಿ ರಾಶಿ. ಕಾಯಿ ಒಣಗಿದೆಯೇ ಎಂದು ಕುಲುಕಿದರೆ ಒಳಗಿನ ಗಿಟುಕು ಚಿಪ್ಪಿಗೆ ತಾಗುವ ಸದ್ದನ್ನು ಹಿಡಿದುಕೊಳ್ಳಲು ನಾನು ಹಿಂದೊಮ್ಮೆ ಮೈಕ್ ಸಮೇತ ಹೋಗಿದ್ದೆ. ಸದ್ದುಗಳಿಗೆ ಅಷ್ಟು ಕಷ್ಟಪಟ್ಟವಳು ನಾನು ಎಂದು ಜಂಬವೂ ಇತ್ತು.

ಚಿಕ್ಕಮ್ಮ ಫೋನಿನಲ್ಲಿ ಮಿಠಾಯಿ ಜೋಡಿಸುವ ಆಟ ಬಿಟ್ಟರೆ ಬೇರೇನೂ ಆಡಿದವರಲ್ಲ. ಅದರಲ್ಲಿ ಮಾತ್ರ ನನ್ನನ್ನು ಮೀರಿಸಿದ್ದಾರೆ, ಮನೆಗೆ ಬಂದವರಿಗೆಲ್ಲ ತೋರಿಸುತ್ತಾರೆ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ನೆಲದ ಮೇಲೆ ಅವರನ್ನು ಕೂರಿಸಿ, ಈ ಬಾಣದ ಗುರುತು ಒತ್ತಿದರೆ ಮುಂದಕ್ಕೆ ಹೋಗುತ್ತದೆ ಎಂದು ತೋರಿಸಿದೆ. ಒತ್ತಿಕೊಂಡು ಹೋದರು. ಕಾಂಪೌಂಡ್ ಹಾರಲಿಲ್ಲ, ಗೇಟಿನಿಂದಲೇ ಹೋದರು. ಮೊದಲನೇ ಮನೆಯ ಹೊಸ್ತಿಲ ಹತ್ತಿರ ನಿಂತುಬಿಟ್ಟರು. ಲ್ಯಾಪ್‌ಟಾಪ್ ಹ್ಯಾಂಗ್ ಆಯಿತೆಂದುಕೊಂಡು ನಾನು ಬಗ್ಗಿ ನೋಡಿದೆ. ಆಗಿರಲಿಲ್ಲ. ಚಿಕ್ಕಮ್ಮ ಕನ್ನಡಕ ಸರಿಮಾಡಿಕೊಂಡು ಕೀಬೋರ್ಡಿನ ಮೇಲೆ ಏನೋ ಹುಡುಕುತ್ತಿದ್ದರು.

"ಚಪ್ಲಿ ಬಿಡೋದು ಯಾವ್ ಬಟನ್ನೇ?" ಎಂದು ಕೇಳಿದರು.

ಅಂಥ ಬಟನ್ ಇಲ್ಲ, ಸುಮ್ಮನೆ ಒಳಗೆ ಹೋಗಿ ಅಂದೆ.

"ಮೆಟ್ಕಂಡು ಒಳಕ್ಕೋಗಕ್ಕಾಯ್ತದಾ? ಯಾರ್ ಮನೆನೋ ಏನೋ."

ಇದು ಆಟ, ಯಾರೂ ಏನೂ ಅನ್ನುವುದಿಲ್ಲ ಎಂದು ನಾನು ಎಷ್ಟು ಹೇಳಿದರೂ ಅವರು ಆ ಹುಡುಗಿಯನ್ನು ಹೊಸ್ತಿಲು ದಾಟಿಸಲಿಲ್ಲ. ಹಾಲು ಉಕ್ಕುತ್ತದೆ ಎಂದು ಎದ್ದು ಒಳಗೆ ಹೋದರು. ಊಟಕ್ಕೆ ಕೂತಾಗ ನನ್ನ ಆಟದ ಬಗ್ಗೆ ಸಲಹೆಗಳ ಸುರಿಮಳೆಯಾಯಿತು. ಮನೆಗಳಿಗೆ ಗುಲಾಬಿ ಬಣ್ಣ ಹೊಡೆಸಬೇಕಂತೆ, ಸೋಫಾ ಸೆಟ್ ಹಾಕಿಸಬೇಕಂತೆ, ಹುಡುಗಿಗೆ ಒಂದು ಒಳ್ಳೇ ಚೂಡಿದಾರ್ ಕೊಡಿಸಬೇಕಂತೆ, ಹಾಳು ಮಣ್ಣು ಬಣ್ಣ ನೋಡಿದರೆ ಯಾರು ಆಡುತ್ತಾರೆ ಅಂತೆ. ಹೂಂ ಹೂಂ ಎಂದು ಮುದ್ದೆ ನುಂಗಿದೆ. ಚಪ್ಪಲಿಯ ಮಾತು ಅವರಿಗೆ ಆಗಲೇ ಮರೆತುಹೋಗಿತ್ತು.

ನನಗೆ ಮರೆಯಲಿಲ್ಲ. ವಾಪಸು ಬಸ್ಸಿನಲ್ಲಿ ಅದೇ ಯೋಚನೆ. ಹುಡುಗಿಯ ಕಾಲು ಪರದೆಯ ಮೇಲೆ ಕಾಣುವುದೇ ಇಲ್ಲ, ಅವಳು ಚಪ್ಪಲಿ ಹಾಕಿದ್ದಾಳೆ ಎಂದು ಚಿಕ್ಕಮ್ಮನಿಗೆ ಗೊತ್ತಾದದ್ದು ಸದ್ದಿನಿಂದ. ಹವಾಯಿ ಚಪ್ಪಲಿಯ ಪಟ್ ಪಟ್ ಸದ್ದನ್ನು ನಾನೇ ಹಾಕಿದ್ದೆ. ರಸ್ತೆಗೂ ಅದೇ, ನಡುಮನೆಗೂ ಅದೇ, ದೇವರ ಮನೆಗೂ ಅದೇ. ಕಾಲೇಜಿನವರು ದೇವರ ಮನೆಯಲ್ಲಿ ಕುಪ್ಪಳಿಸಿದ್ದರಲ್ಲಿ ಅವರ ತಪ್ಪೇನು? ಅವರ ಕಿವಿಗೆ ಅದು ಬೀದಿಯಾಗೇ ಕೇಳಿಸಿತ್ತು. ಒಣಕೊಬ್ಬರಿಯ ಸದ್ದು ಹಿಡಿಯಲು ಅಟ್ಟ ಹತ್ತಿದವಳು ನಾನು, ಬರಿಗಾಲಿನ ಸದ್ದು ಹಿಡಿದಿರಲಿಲ್ಲ. ಗುಬ್ಬಿ ದಾಟುವಾಗ ನನಗೆ ನಗು ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸ್ವಲ್ಪ ಸರಿದು ಕೂತರು.

ಮಾರನೇ ದಿನದಿಂದಲೇ ಶುರು ಮಾಡಿದೆ. ಹೊಸ್ತಿಲ ಹತ್ತಿರ ಬಂದರೆ ಚಪ್ಪಲಿ ಬಿಡಬಹುದು, ಬಿಡದೆಯೂ ಹೋಗಬಹುದು. ಬಿಟ್ಟರೆ ಪಾಯಿಂಟಿಲ್ಲ, ಬಿಡದಿದ್ದರೆ ಬೈಗುಳವಿಲ್ಲ. ಮೆಟ್ಟಿಕೊಂಡೇ ಹೋದರೆ ಒಳಗೆ ಮಾತಾಡುತ್ತಿದ್ದವರು ಮಾತು ನಿಲ್ಲಿಸುತ್ತಾರೆ, ಮೀಟರ್ ಅಲ್ಲಿದೆ ನೋಡಮ್ಮ ಎನ್ನುತ್ತಾರೆ, ಅಷ್ಟೇ. ಬರಿಗಾಲಲ್ಲಿ ಹೋದರೆ ಅವರ ಮಾತು ಅವರ ಪಾಡಿಗೆ ನಡೆಯುತ್ತಿರುತ್ತದೆ. ಸಿಮೆಂಟು ನೆಲಕ್ಕೆ, ಸಗಣಿ ಸಾರಿಸಿದ ನೆಲಕ್ಕೆ, ಬಚ್ಚಲ ಒದ್ದೆಗೆ ಬೇರೆ ಬೇರೆ ಹೆಜ್ಜೆ ಸದ್ದು ಹಿಡಿಯಲು ನಾನು ಅಂಗಡಿ ಮಾಲೀಕರ ಮನೆಯಲ್ಲೆಲ್ಲ ಮೈಕ್ ಹಿಡಿದು ಬರಿಗಾಲಲ್ಲಿ ಓಡಾಡಿದೆ. ಅವರ ಅನುಮಾನ ಇನ್ನೂ ಗಟ್ಟಿಯಾಯಿತು.

ಗೆಳೆಯ ತಲೆ ಚಚ್ಚಿಕೊಂಡ. ಮನೆ ಮನೆಗೂ ಚಪ್ಪಲಿ ಬಿಟ್ಟು, ಮತ್ತೆ ಹಾಕಿ ಮಾಡುವುದು ಬೋರು, ದೂರ ದೇಶದವರಿಗೆ ಇದರ ತಲೆಬುಡ ತಿಳಿಯುವುದಿಲ್ಲ ಎಂದ. ಮಾತು ನಿಂತದ್ದು ಯಾವ ದೇಶದವರಿಗಾದರೂ ತಿಳಿಯುತ್ತದೆ ಎಂದು ನಾನು ಹೇಳಿದೆ. ಹೇಳುವಾಗ ಇದ್ದಷ್ಟು ಧೈರ್ಯ ಒಳಗಿರಲಿಲ್ಲ. ಆದರೆ ನಾನು ಬರೆದ ಚಪ್ಪಲಿಗಳನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ. ಅವು ಬಾಗಿಲಲ್ಲಿ ಬಿಟ್ಟ ಬನ್ನಿನ ಹಾಗಿದ್ದವು. ಹೋಗುವವನಿಗೆ ಏನು ಚಿಂತೆ ಎಂದು ನಾನು ಚುಚ್ಚಿದರೂ ಕೇಳದೆ ಎಲ್ಲವನ್ನೂ ಅಳಿಸಿ ತಾನೇ ಬರೆದ. ಪ್ರತಿ ಮನೆಗೂ ಅದರದೇ ಚಪ್ಪಲಿ. ಒಂದು ಮನೆಯಲ್ಲಿ ಹಿಮ್ಮಡಿ ಸವೆದದ್ದು, ಒಂದರಲ್ಲಿ ಕೆಸರು ಮೆತ್ತಿದ ರಬ್ಬರ್ ಬೂಟು. ಊರ ಕೊನೆಯಲ್ಲಿ ಒಬ್ಬಳೇ ಇರುವ ಟೈಲರ್ ಹೆಂಗಸಿನ ಬಾಗಿಲಲ್ಲಿ, ಪಟ್ಟಿ ಕಿತ್ತುಹೋಗಿ ಪಿನ್ನು ಚುಚ್ಚಿದ ಒಂದು ಜೊತೆ ಹವಾಯಿ. ಆ ಪಿನ್ನನ್ನು ಬರೆಯಲು ಅವನು ಒಂದು ಮಧ್ಯಾಹ್ನವೇ ಕೂತಿದ್ದ. ನನಗೆ ಆಸೆ ಹುಟ್ಟಿತು, ತೋರಿಸಿಕೊಳ್ಳಲಿಲ್ಲ.

ಶುಕ್ರವಾರ ಕಾಲೇಜಿನವರನ್ನು ಮತ್ತೆ ಕರೆದೆವು, ಈ ಸಲ ಬಜ್ಜಿ ಕೊನೆಯಲ್ಲಿ. ಎಂದಿನಂತೆ ನುಗ್ಗಿದರು. ಆಟದೊಳಗಿನ ಮನೆ ಮೌನವಾಯಿತು. ಕೋಳಿ ಎಂದಿದ್ದವಳು ಆಟದ ಹುಡುಗಿಯನ್ನು ಹೊರಗೆ ತಂದು, ಚಪ್ಪಲಿ ಬಿಡಿಸಿ ಮತ್ತೆ ಒಳಗೆ ಕಳಿಸಿದಳು. ಹಿಂದಿದ್ದವರು ನಕ್ಕರು. ಒಳಗಿನವರು ನಿಲ್ಲಿಸಿದ್ದ ಮಾತು ಮುಂದುವರಿಸಿದಾಗ ನಗು ನಿಂತಿತು, ಎಲ್ಲರೂ ಕಿವಿ ಕೊಟ್ಟರು. ಬಜ್ಜಿ ತಣ್ಣಗಾಯಿತು.

ಗೆಳೆಯ ಚೆನ್ನಾಗಿದೆ ಎಂದು ಒಪ್ಪಿಕೊಂಡ. ಒಪ್ಪಿಕೊಂಡೇ ಡ್ರಾಯರ್ ಖಾಲಿ ಮಾಡಿದ, ಪೆನ್ನು, ಚಾರ್ಜರು, ಹಳೇ ಟಿಫನ್ ಬಾಕ್ಸು. ಗೋಡೆಯ ಹಿಂದೆ ಏನೂ ಇಲ್ಲ ಎಂದು ಅವರಿಗೆ ಗೊತ್ತಿಲ್ಲದ್ದರಿಂದ ನಂಬಿದರು, ತನಗೆ ಗೊತ್ತಿದೆಯಲ್ಲ ಎಂದ. ಆ ಮಾತು ನನಗೆ ನಾಟಿತು. ಅವನು ಇಳಿದುಹೋದ ಮೇಲೆ ಕೂತು ಒಂದೇ ಒಂದು ಚಿತ್ರ ಬರೆದೆ. ಚಿಕ್ಕಮ್ಮನ ಮನೆ ಬಾಗಿಲಲ್ಲಿ ತೆಗೆದ ಫೋಟೋ ಎದುರಿಗಿಟ್ಟುಕೊಂಡು, ಈ ಸಲ ಬನ್ನಿನ ಹಾಗೆ ಕಾಣದಂತೆ, ಅಳಿಸಿ ಅಳಿಸಿ ಬರೆದೆ. ಅದನ್ನು ಎರಡನೇ ತಿಂಗಳಿನ ಭೇಟಿಗೆ ಸೇರಿಸಿದೆ. ಅವನಿಗೆ ಹೇಳಲಿಲ್ಲ.

ಶನಿವಾರ ಅವನು ತನ್ನ ಹತ್ತಿರವಿದ್ದ ರೂಮಿನ ಬೀಗದ ಕೈ ಕೊಡಲು ಬಂದ, ಸೋಮವಾರದಿಂದ ಅವನಿಗೆ ಹೊಸ ಕೆಲಸ. ಹೋಗುವ ಮುಂಚೆ ಒಂದು ಸಲ ಪೂರ್ತಿ ಆಡು, ಇಷ್ಟು ದಿನ ಬರೆದವನು ಒಂದು ದಿನವೂ ನೆಟ್ಟಗೆ ಕೂತು ಆಡಿಲ್ಲ ಎಂದೆ. ನಿಂತೇ ಶುರು ಮಾಡಿದ. ಆಮೇಲೆ ಕುರ್ಚಿ ಎಳೆದುಕೊಂಡ. ಮೊದಲನೇ ತಿಂಗಳು ಬೇಗ ಬೇಗ ಮುಗಿಸಿದ, ಎಲ್ಲ ಗೋಡೆಯೂ ಅವನದೇ. ಎರಡನೇ ತಿಂಗಳಲ್ಲಿ ನಮ್ಮ ಹಳ್ಳಿಗೆ ಮಳೆ ಬರುತ್ತದೆ. ಹುಡುಗಿ ನೆನೆಯುತ್ತಾಳೆ, ಕೈಯಲ್ಲಿರುವ ಬಿಲ್ ಯಂತ್ರ ಒದ್ದೆಯಾದರೆ ಕೆಲಸ ಕೆಡುತ್ತದೆ. ಅವನು ಅವಳನ್ನು ಕೊನೆಯ ಮನೆಗೆ, ಟೈಲರ್ ಹೆಂಗಸಿನ ಮನೆಗೆ ಓಡಿಸಿದ. ಜಗುಲಿ ಹತ್ತಿದ. ಅಷ್ಟು ಅವಸರದಲ್ಲೂ ಹೊಸ್ತಿಲಲ್ಲಿ ನಿಂತು ಚಪ್ಪಲಿ ಬಿಟ್ಟ. ಬಿಟ್ಟದ್ದು ಅವನಿಗೆ ಗೊತ್ತೇ ಆಗಲಿಲ್ಲ. ಮುಂದೆ ಹೆಜ್ಜೆ ಇಡಬೇಕಾದವನು ಇಡಲಿಲ್ಲ.

ಪಿನ್ನು ಚುಚ್ಚಿದ ಹವಾಯಿ ಪಕ್ಕದಲ್ಲಿ ಇನ್ನೊಂದು ಜೊತೆ ಇತ್ತು. ಪುಟ್ಟದು, ಹೊಸದು, ಮಳೆಯಲ್ಲಿ ನೆನೆದದ್ದು.

"ಇವ್ಳು ಒಬ್ಳೇ ಅಲ್ವಾ ಇರೋದು?" ಅಂದ, ಪರದೆಯಿಂದ ಕಣ್ಣು ತೆಗೆಯದೆ. "ಯಾರ್ ಬಂದವ್ರೆ?"

ಒಳಗಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು, ನಡುನಡುವೆ ನಿಲ್ಲುತ್ತಿತ್ತು. ಅಲ್ಲಿಂದ ಮುಂದೆ ನಾನು ಏನೂ ಮಾಡಿರಲಿಲ್ಲ. ಒಳಗೆ ಇನ್ನೊಬ್ಬರ ಚಿತ್ರ ಇರಲಿಲ್ಲ, ಮಾತೂ ಇರಲಿಲ್ಲ. ಅವನು ಒಂದು ಹೆಜ್ಜೆ ಇಟ್ಟಿದ್ದರೆ ಎಲ್ಲ ಬಯಲಾಗುತ್ತಿತ್ತು. ಅವನು ಇಡಲಿಲ್ಲ. ಬಗ್ಗಿ, ಆ ಪುಟ್ಟ ಚಪ್ಪಲಿಯನ್ನೇ ನೋಡುತ್ತಾ ಕೂತ. ಕೆಳಗೆ ಯಾವುದೋ ಲಾರಿ ಹಾರನ್ ಬಾರಿಸುತ್ತಲೇ ಇತ್ತು. ಆಮೇಲೆ ಆಟ ನಿಲ್ಲಿಸಿ, ಮೇಜಿನ ಮೇಲಿಟ್ಟಿದ್ದ ಬೀಗದ ಕೈ ತೆಗೆದು ಜೇಬಿಗೆ ಹಾಕಿಕೊಂಡು ಎದ್ದ.

"ಸೋಮವಾರ ಬರ್ತೀನಿ," ಅಂದ. "ಒಳಗ್ ಯಾರ್ ಅವ್ರೆ ಅಂತ ಹೇಳ್ಬೇಡ."