ಕಾಫಿ ಲೋಟದ ಮೇಲೆ ಶ್ರಾವಣಿ

ಮಗಳು ಹುಟ್ಟುವ ಮೊದಲೇ ಅವಳ ಹೆಸರನ್ನು ನಾನು ಟೆಸ್ಟ್ ಮಾಡಿದ್ದೆ. ನಗಬೇಡಿ, ನನ್ನ ಹೊಟ್ಟೆಪಾಡೇ ಅದು. ಡಬ್ಲಿನ್ನಿನ ಆಫೀಸೊಂದರಲ್ಲಿ ಕೂತು, ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುತ್ತೇನೆ. ಹೆರಿಗೆ ಶ್ರಾವಣ ಮಾಸದಲ್ಲಿ ಎಂದು ಗೊತ್ತಾದ ಕೂಡಲೇ ಅಮ್ಮ ಮೈಸೂರಿನಿಂದಲೇ ತೀರ್ಪು ಕೊಟ್ಟಿದ್ದರು: ಹೆಣ್ಣಾದರೆ ಶ್ರಾವಣಿ. ನನಗೋ ಐರ್ಲೆಂಡಿನ ನಾಲಿಗೆಯ ಚಿಂತೆ. ಆಫೀಸಿನ ಕೆಳಗಿನ ಕಾಫಿ ಅಂಗಡಿಯಲ್ಲಿ ಲೋಟದ ಮೇಲೆ ಬರೆಯಲು ಹೆಸರು ಕೇಳುತ್ತಾರಲ್ಲ, ಅಲ್ಲಿ ದಿನಕ್ಕೊಂದು ಕೊಡತೊಡಗಿದೆ. ಇಷ್ಟು ದಪ್ಪ ಮೀಸೆಯ ಗಂಡಸು ಸೋಮವಾರ ಮೀರಾ, ಮಂಗಳವಾರ ಮಾಯಾ, ಬುಧವಾರ ಶ್ರಾವಣಿ. ಅಂಗಡಿಯ ಹುಡುಗಿ ಪಾಪ, ಮುಖದಲ್ಲಿ ಏನನ್ನೂ ತೋರಿಸದೆ ಕೂಗುತ್ತಿದ್ದಳು. ಮೀರಾ, ಮಾಯಾ ಪಾಸಾದವು. ಶ್ರಾವಣಿ ಮಾತ್ರ ‘ಶ್ರವಾನಿ’ಯಾಗಿ ಬಂತು.

ಅಮ್ಮನಿಗೆ ವರದಿ ಒಪ್ಪಿಸಿದೆ. “ಅವ್ರಿಗೆ ಬರಲ್ಲ ಅಂತ ನಾವ್ಯಾಕೋ ಬಿಡ್ಬೇಕು? ಕಲೀತಾರೆ ಬಿಡು,” ಎಂದರು. ಹೆಂಡತಿಯೂ ಅತ್ತೆಯ ಪಕ್ಷ ಸೇರಿದಳು. ಮದುವೆಯಾದ ಮೇಲೆ ಅವರಿಬ್ಬರೂ ಒಪ್ಪಿದ ಮೊದಲ ವಿಷಯ ಅದು. ನಾಮಕರಣದ ದಿನ ಡಬ್ಲಿನ್ನಿನ ಹೊರವಲಯದ ಆಡಮ್ಸ್‌ಟೌನಿನ ನಮ್ಮ ಮನೆಯಲ್ಲಿ ಫೋನನ್ನು ಮಗುವಿನ ಕಿವಿಗೆ ಹಿಡಿದೆ. ಸೋದರತ್ತೆಯಾದ ನನ್ನ ತಂಗಿ ಮೈಸೂರಿನಿಂದಲೇ ಮೂರು ಸಲ ಹೆಸರು ಉಸುರಿದಳು.

ಹೋಗಲಿ, ಈ ದೇಶಕ್ಕೆಲ್ಲ ಒಬ್ಬಳೇ ಶ್ರಾವಣಿ ಎಂಬ ಜಂಬವನ್ನಾದರೂ ಇಟ್ಟುಕೊಂಡೆ. ಕನ್ನಡದವರೆಲ್ಲ ಸೇರಿದ ಗಣೇಶನ ಹಬ್ಬದ ಊಟದಲ್ಲಿ ಅದೂ ಇಳಿಯಿತು. ಯಾರದೋ ತಾಯಿ “ಶ್ರಾವಣೀ” ಎಂದು ಕೂಗಿದರೆ ನಾಲ್ಕು ಹುಡುಗಿಯರು ತಿರುಗಿದರು. ದೂರದ ಲಿಮೆರಿಕ್ ಊರಿನಿಂದಲೂ ಒಬ್ಬಳು ಬಂದಿದ್ದಳು.

ಆದರೆ ನನ್ನ ನಿಜವಾದ ಘನಕಾರ್ಯ ಬೇರೆಯೇ. ಲಸಿಕೆ ಹಾಕುವ ನರ್ಸ್, ಹಗಲು ಮಗುವನ್ನು ನೋಡಿಕೊಳ್ಳುವ ಕ್ರೆಶ್‌ನ ಆಂಟಿ, ಪಕ್ಕದ ಮನೆಯಾತ, ಯಾರು ಹೆಸರು ಕೇಳಿದರೂ ಅವರು ಒದ್ದಾಡುವ ಮೊದಲೇ ನಾನೇ ‘ಶ್ರವಾನಿ’ ಎಂದುಬಿಡುತ್ತಿದ್ದೆ. ಹಾಗೆ ಸುಲಭ ಮಾಡಿಕೊಡಿ ಎಂದು ಅವರು ಕೇಳಿರಲಿಲ್ಲ, ಒತ್ತಾಯ ಮಾಡಿರಲಿಲ್ಲ. ಅದನ್ನು ಕಂಡ ಗೆಳೆಯನೊಬ್ಬ, “ಏನೋ, ಮಗಳ ಹೆಸರಿಗೂ ವೀಸಾ ಮಾಡಿಸಿದ್ಯಾ?” ಎಂದು ಕಿಚಾಯಿಸಿದ. ನಾನೂ ಹಲ್ಲು ಕಿರಿದೆ. ಇದೇ ನಾನು, ಆಫೀಸಿನ ಐರಿಶ್ ಮೇಡಂ ಒಬ್ಬರ ಹೆಸರನ್ನು ಬರೆಯುವುದು ಒಂದು ಥರ, ಕರೆಯುವುದು ಇನ್ನೊಂದು ಥರ ಎಂದು ಗೊತ್ತಾದಾಗ, ವಾರವಿಡೀ ರೈಲಿನಲ್ಲಿ ಬಾಯಿಪಾಠ ಮಾಡಿದ್ದೆ. ಎದುರು ಕೂತವರು ಯಾವುದೋ ಮಂತ್ರ ಎಂದುಕೊಂಡಿರಬೇಕು. ನನ್ನ ಮಗಳಿಗಾಗಿ ಅಷ್ಟು ಮಾಡಿ ಎಂದು ಒಬ್ಬರನ್ನಾದರೂ ಕೇಳಲು ನನಗೆ ಬಾಯಿ ಬರಲಿಲ್ಲ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಕಳೆದ ಸೆಪ್ಟೆಂಬರಿನಲ್ಲಿ ಅವಳು ಶಾಲೆಗೆ ಸೇರಿದಳು. ಮೊದಲ ದಿನ ಟೀಚರ್ ಬಾಗಿಲಲ್ಲೇ ನಿಂತು, ಪಟ್ಟಿಯಲ್ಲಿ ಪ್ರತಿ ಮಗುವಿನ ಹೆಸರಿನ ಕೆಳಗೆ ಅದನ್ನು ಹೇಳುವ ಬಗೆಯನ್ನು ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತಿದ್ದರು. ಒಮ್ಮೆ ಬರೆದುಕೊಂಡರೆ ಎಂಟು ವರ್ಷ ಇಡೀ ಶಾಲೆ ಹಾಗೆಯೇ ಕರೆಯುತ್ತದೆ ಎಂದು ನನಗೆ ಗೊತ್ತಿತ್ತು. ಆದರೂ ನನ್ನ ಸರದಿ ಬಂದಾಗ ಬಾಯಿ ತಾನಾಗಿ ಓಡಿತು. ‘ಶ್ರವಾನಿ’, ಹೇಗೆ ಕರೆದರೂ ‘ಗ್ರ್ಯಾಂಡ್’ ಎಂದೆ, ಪರವಾಗಿಲ್ಲ ಎನ್ನಲು ಇಲ್ಲಿಯವರು ಬಳಸುವ ಮಾತು.

ಟೀಚರ್ ಬರೆಯಲು ಬಗ್ಗಿದರು. ಮಗಳು ನನ್ನ ಕೈ ಬಿಟ್ಟು, ಅಪ್ಪಟ ಡಬ್ಲಿನ್ ರಾಗದ ಇಂಗ್ಲಿಷಿನಲ್ಲಿ ಹೇಳಿದಳು: “ಅದು ನನ್ನ ಹೆಸರಲ್ಲ. ಅಪ್ಪನಿಗೆ ಹೆದರಿಕೆ ಆದಾಗ ಹಾಗೆ ಹೇಳ್ತಾರೆ.”

ಹಿಂದೆ ಸಾಲಿನಲ್ಲಿದ್ದವರಿಗೂ ಕೇಳಿಸಿತು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ನಾಲ್ಕು ವರ್ಷದಿಂದ ಅವಳು ಇದನ್ನು ನೋಡುತ್ತಲೇ ಇದ್ದಳು. ಟೀಚರ್ ಪುಣ್ಯಾತ್ಮೆ, ನನ್ನತ್ತ ನೋಡದೆ ಪೆನ್ಸಿಲ್ ಎತ್ತಿ, ಹಾಗಾದರೆ ಸರಿಯಾಗಿ ಹೇಳಿಕೊಡಿ, ಕಲಿಯುತ್ತೇನೆ ಎಂದರು.

ಬಾಯಿ ತೆರೆದೆ. ಮೈಸೂರಿನಲ್ಲಿ ಹುಟ್ಟಿ ಬೆಳೆದ ನನ್ನ ನಾಲಿಗೆಯಿಂದ ಮತ್ತೆ ‘ಶ್ರವಾನಿ’ಯೇ ಬಂತು.

ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಗಳು ನನ್ನ ಕೋಟಿನ ತುದಿ ಹಿಡಿದು, ಮೆಲ್ಲಗೆ ಕನ್ನಡದಲ್ಲಿ ಹೇಳಿದಳು: “ಹೆದರ್ಬೇಡ ಅಪ್ಪ. ಇನ್ನೊಂದ್ಸಲ ಹೇಳು.”