ರಾಮಮೂರ್ತಿಯ ಬಿಳಿ ಗುಡಿ

ನಮ್ಮ ರಾಮಮೂರ್ತಿ ಗ್ರೀಸ್ ದೇಶದಲ್ಲಿ ಇದ್ದದ್ದು ಒಟ್ಟು ನಾಲ್ಕು ದಿನ. ಅದರಲ್ಲಿ ಒಂದು ದಿನ ಹೊಟ್ಟೆ ಕೆಟ್ಟು ಹೋಟೆಲಿನಲ್ಲೇ ಮಲಗಿದ್ದ. ಉಳಿದ ಮೂರು ದಿನದ ಪಾಂಡಿತ್ಯವನ್ನು ಆರು ವರ್ಷಗಳಿಂದ ಸ್ವೀಡನ್ನಿನ ಸೋಲ್ನಾದ ಕನ್ನಡಿಗರ ತಲೆಯ ಮೇಲೆ ಸುರಿಯುತ್ತಿದ್ದಾನೆ.

ನಾವಿಬ್ಬರೂ ಒಂದೇ ಟೆಲಿಕಾಂ ಕಂಪನಿಯವರು. ಅವನದು ಟೆಸ್ಟಿಂಗ್, ಅಂದರೆ ಬೇರೆಯವರ ತಪ್ಪು ಹುಡುಕುವ ಕೆಲಸ. ಇಲ್ಲಿಯವರ ಕಾಫಿ ವಿರಾಮವಾದ ಫೀಕಾಕ್ಕೆ ಕೂತರೆ ಸಾಕು, ಕಾಫಿ ಆರುವವರೆಗೂ ಕಂಬಪುರಾಣ. ಡೋರಿಕ್ ಕಂಬ ಗಟ್ಟಿಮುಟ್ಟು, ಅಯಾನಿಕ್ ಕಂಬದ ನೆತ್ತಿಯಲ್ಲಿ ಸುರುಳಿ, ಕೊರಿಂಥಿಯನ್ ಕಂಬದ ತಲೆ ತುಂಬ ಎಲೆ. ಅವನಿಗೆ ಗೊತ್ತಿರುವುದು ಇಷ್ಟೇ. ಕೊನೆಗೆ ಮಾತ್ರ ತಪ್ಪದೆ ಒಂದು ಉಪದೇಶ.

“ಆ ಮಾರ್ಬಲ್ ಬಿಳುಪು ನೋಡ್ಬೇಕು ಗುರೂ, ಪ್ಯೂರ್ ಫಾರ್ಮ್! ನಮ್ಮವ್ರು ಕಂಡಿದ್ದಕ್ಕೆಲ್ಲ ಬಣ್ಣ ಬಳ್ದು ಹಾಳ್ಮಾಡ್ತಾರೆ.”

ಅವನ ಮನೆಯ ಗೋಡೆ ಬಿಳಿ, ಸೋಫಾ ಬಿಳಿ. ಕಳೆದ ವರ್ಷ ಪ್ಲೈವುಡ್ ತಂದು ದೇವರ ಗೂಡನ್ನೂ ಗ್ರೀಕ್ ಗುಡಿ ಮಾಡಿದ. ಮುಂದೆ ಆರು ಕಂಬ, ಮೇಲೆ ತ್ರಿಕೋನದ ಮುಖ, ಎಲ್ಲ ಹಾಲಿನಂತೆ ಬಿಳಿ. ಒಳಗೆ ಕೂತ ಗೌರಿ ಮಾತ್ರ ಅವನ ಕಣ್ಣಿಗೆ ಚುಚ್ಚುತ್ತಿದ್ದಳು.

ಅದು ಅವನ ಹೆಂಡತಿ ಕುಮುದಾಳ ಗೌರಿ. ಕುಮುದಾಳ ತಂದೆ ಕೊಪ್ಪಳದ ಹತ್ತಿರ ಕಿನ್ನಾಳದಲ್ಲಿ ಮರದ ಗೊಂಬೆಗೆ ಬಣ್ಣ ಬರೆಯುತ್ತಿದ್ದ ಚಿತ್ರಗಾರರು. ಮಗಳು ಸ್ವೀಡನ್ನಿಗೆ ಹೊರಟಾಗ ಮಾಡಿಕೊಟ್ಟದ್ದು. ಹಳದಿ ಮುಖ, ಕೆಂಪು ಸೀರೆ, ಹಸಿರು ಕುಪ್ಪಸ, ಕಿವಿಯತನಕ ಚಾಚಿದ ಕಣ್ಣು. ಕಣ್ಣನ್ನು ಎಲ್ಲದರ ಕೊನೆಗೆ, ಸ್ನಾನ ಮಾಡಿ ಬಂದು ಬರೆದಿದ್ದರಂತೆ. ಅವರು ಬರೆದ ಕೊನೆಯ ಕಣ್ಣು ಅದೇ, ಮರುವರ್ಷ ತೀರಿಕೊಂಡರು.

ಕುಮುದಾಳ ಊರ ಕಡೆಯ ಹಬ್ಬ ಗೌರಿ ಹುಣ್ಣಿಮೆಗೆ ವಾರವಿರುವಾಗ ಈ ಮಹಾಶಯ ರಜೆ ಹಾಕಿದ. ಕುಮುದಾ ದಾಗಿಸ್ ಎಂಬ ಇಲ್ಲಿಯ ಶಿಶುವಿಹಾರದಲ್ಲಿ ಪರರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಹೊತ್ತಿನಲ್ಲಿ, ಬಣ್ಣ ತೆಗೆಯುವ ದ್ರಾವಣ ಹಚ್ಚಿ, ಗೌರಿಯನ್ನು ಕೆರೆದು, ಬಟ್ಟೆಯಲ್ಲಿ ಒರೆಸಿ, ಉಪ್ಪುಕಾಗದದಲ್ಲಿ ಉಜ್ಜಿ, ಬಿಳಿ ಬಳಿದ. ಗುಡಿಗೆ ಪರದೆ ಕಟ್ಟಿ “ಸರ್‌ಪ್ರೈಸ್” ಎಂದ. ಪಾಪ, ಅವಳು ನಂಬಿದಳು.

ಹುಣ್ಣಿಮೆಯ ಸಂಜೆ ನಾವು ಕನ್ನಡಿಗರೆಲ್ಲ ಅವನ ಮನೆಗೆ ಹೋದೆವು. ಕುಮುದಾ ಸಕ್ಕರೆ ಗೊಂಬೆಗಳ ಆರತಿ ತಟ್ಟೆ ಹಿಡಿದು ನಿಂತಿದ್ದಳು. ರಾಮಮೂರ್ತಿ ಸಣ್ಣದೊಂದು ಭಾಷಣ ಬಿಗಿದು ಪರದೆ ಎಳೆದ. ಮೂಗೊಂದು ಉಳಿದಿದ್ದ ಬಿಳಿ ಮರದ ತುಂಡು.

ಮೊದಲು ಬಾಯಿ ಬಿಟ್ಟವಳು ಅವರ ಹನ್ನೆರಡು ವರ್ಷದ ಮಗಳು ಇಳಾ. ಗ್ರೀಕರ ಮೂರ್ತಿಗಳು ಬಿಳಿ ಇರಲೇ ಇಲ್ಲ, ಕೆಂಪು ನೀಲಿ ಬಣ್ಣವಿತ್ತು, ಗುಡಿಗಳಿಗೂ ಇತ್ತು, ಕಾಲಕ್ರಮದಲ್ಲಿ ಅಳಿಸಿಹೋಯಿತು ಎಂದು ಸ್ವೀಡಿಶ್‌ನಲ್ಲಿ ಹೇಳಿ, ಶಾಲೆಯಿಂದ ಮ್ಯೂಸಿಯಮ್ಮಿಗೆ ಹೋದಾಗ ತೆಗೆದ ಫೋಟೋ ತೋರಿಸಿದಳು. ಫೋನಿನಲ್ಲಿ ಗ್ರೀಕ್ ಹೆಂಗಸೊಬ್ಬಳು. ಕೆಂಪು ಉಡುಪು, ಕಪ್ಪು ತೀಡಿದ ಕಣ್ಣು. ಥೇಟ್ ಕಿನ್ನಾಳದವಳೇ.

“ಅದು... ಬರೀ ಒಂದು ಥಿಯರಿ ಅಷ್ಟೆ,” ಎಂದ ರಾಮಮೂರ್ತಿ.

ಬೆಂಗಳೂರಿನವರ ನಡುವೆ ಕುಮುದಾ ತನ್ನೂರ ಮಾತನ್ನು ಅದುಮಿಟ್ಟುಕೊಂಡೇ ಇರುತ್ತಿದ್ದಳು. ಅಂದು ಇಟ್ಟುಕೊಳ್ಳಲಿಲ್ಲ.

“ನಮ್ಮಪ್ಪ ಬರೆದ ಕಣ್ಣು ಎಲ್ಲಿ ಅದಾವ್ರೀ?”

ಅವನು ಪರದೆಯನ್ನು ಮತ್ತೆ ಮುಚ್ಚಹೋದ.

“ಒರೆಸಿದ ಅರಿವಿ ಆದ್ರೂ ಐತೇನು?”

“ಕಸಕ್ಕೆ ಹಾಕ್ಬಿಟ್ಟೆ ಕಣೇ.”

“ಕಣ್ಣಿಲ್ಲದಾಕಿಗೆ ನಾ ಆರತಿ ಎತ್ತೂದಿಲ್ಲ,” ಎಂದು ಅವಳು ತಟ್ಟೆಯನ್ನು ಅಲ್ಲೇ ನೆಲದ ಮೇಲಿಟ್ಟು ಒಳಗೆ ಹೋದಳು. ಸಕ್ಕರೆ ಗೊಂಬೆಗಳನ್ನು ನಾವ್ಯಾರೂ ಬಾಯಿಗಿಡಲಿಲ್ಲ.

ನಾಚಿಕೆಗೆ ಅವನು ಬಾಯಿ ಮುಚ್ಚಿಕೊಂಡಾನು ಎಂದುಕೊಂಡಿದ್ದೆ. ಎರಡೇ ತಿಂಗಳು. ಈಗ ಫೀಕಾದಲ್ಲಿ ಹೊಸ ಪುರಾಣ: “ಗ್ರೀಕ್ ಅಂದ್ರೆ ವೈಟ್ ಅನ್ನೋದು ದೊಡ್ಡ ಮಿಸ್‌ಕನ್ಸೆಪ್ಶನ್ ಗುರೂ. ಎಲ್ಲಾ ಕಲರ್!” ಆರು ಕಂಬಕ್ಕೂ ಕೆಂಪು ನೀಲಿ ಬಳಿದಿದ್ದಾನಂತೆ. ಗೌರಿಗೂ ಕಣ್ಣು ಬರೆಯಲು ನಾಲ್ಕು ಸಲ ಕೂತನಂತೆ, ನಾಲ್ಕು ಸಲವೂ ತಾನೇ ಒರೆಸಿದನಂತೆ. ಬಣ್ಣದ ಆ ಗುಡಿಯಲ್ಲಿ ಅವಳೊಬ್ಬಳೇ ಬಿಳಿ. ಕುಮುದಾ ಆ ಕಡೆ ದೀಪ ಹಚ್ಚುವುದಿಲ್ಲ.